ಹಿಡಿದ ನೋವನ್ನು ಮೆದುಳು ಬಿಡುವುದು ಹೇಗೆ?

ಖಿನ್ನತೆ ಇರುವವರಿಗೆ ನಾವು ಸಲೀಸಾಗಿ ಹೇಳಿಬಿಡುತ್ತೇವೆ: "ಅದನ್ನೇ ಯೋಚಿಸಬೇಡ, ಬಿಟ್ಟುಬಿಡು." ಬಿಡುವ ಮನಸ್ಸು ಅವರಿಗೂ ಇರುತ್ತದೆ. ಆದರೆ ಬಿಡುವ ಕೆಲಸವೇ ಅವರ ಮೆದುಳಿಗೆ ಕಷ್ಟವಾಗಿರುತ್ತದೆ.

ಅಮೆರಿಕದ ಪಿಟ್ಸ್‌ಬರ್ಗ್‌ನ ಗ್ರೆಗ್ ಸೀಗಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಮೆದುಳಿನ ಚಟುವಟಿಕೆಯನ್ನು ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನರ್‌ನಲ್ಲಿ ಮಲಗಿದವರಿಗೆ ನೋವಿನ ಪದವೊಂದನ್ನು ತೋರಿಸಿ, ಆಮೇಲೆ ಭಾವನೆಯ ಸೋಂಕಿಲ್ಲದ ಬೇರೊಂದು ಕೆಲಸ ಕೊಟ್ಟರು. ಮೆದುಳಿನ ಆಳದಲ್ಲಿ, ಎರಡೂ ಪಕ್ಕ, ಬಾದಾಮಿಯಂಥ ಅಮಿಗ್ಡಲಾ ಇದೆ. ಭಯ, ದುಃಖಗಳಿಗೆ ಬೇಗ ಕೆರಳುವ ಭಾಗವದು. ಪದ ಕಂಡಾಗ ಅದು ಎಲ್ಲರಲ್ಲೂ ಚುರುಕಾಯಿತು. ಖಿನ್ನತೆ ಇಲ್ಲದವರಲ್ಲಿ 10 ಸೆಕೆಂಡಿನೊಳಗೆ ತಣ್ಣಗಾಯಿತು. ಖಿನ್ನತೆ ಇದ್ದವರಲ್ಲಿ, ಕೈಯಲ್ಲಿ ಬೇರೆ ಕೆಲಸವಿದ್ದರೂ, 25 ಸೆಕೆಂಡು ಕಳೆದ ಮೇಲೂ ಉರಿಯುತ್ತಲೇ ಇತ್ತು.

ಅಮಿಗ್ಡಲಾವನ್ನು ಹದ್ದುಬಸ್ತಿನಲ್ಲಿಡಲು ನೆರವಾಗುವ ಭಾಗ ಹಣೆಯ ಹಿಂದಿದೆ. ಗಮನವನ್ನು ಬೇಕಾದಲ್ಲಿ ನಿಲ್ಲಿಸಿ, ಬೇಡದ ಕಡೆಯಿಂದ ತಿರುಗಿಸುವುದು ಅದರ ಕೆಲಸ. ಖಿನ್ನತೆಯಲ್ಲಿ ಇದು ಸೊರಗಿರುತ್ತದೆ. ಹಾಗಾದರೆ ಅದಕ್ಕೇ ಕಸರತ್ತು ಕೊಟ್ಟರೆ?

ಸೀಗಲ್ ತಂಡ ಕೊಟ್ಟದ್ದು ಎರಡು ಅಭ್ಯಾಸ. ಒಂದು, ಕೂಡುವ ಲೆಕ್ಕ. ಅಂಕಿಗಳು ಒಂದೊಂದಾಗಿ ಕೇಳಿಬರುತ್ತವೆ. ಪ್ರತಿ ಅಂಕಿಯನ್ನೂ ಅದರ ಹಿಂದಿನ ಅಂಕಿಗೆ ಕೂಡಬೇಕು. ಮೂರು, ಐದು ಎಂದರೆ ಎಂಟು. ಮುಂದೆ ಎರಡು ಬಂದರೆ ಉತ್ತರ ಹತ್ತಲ್ಲ, ಏಳು; ಏಕೆಂದರೆ ಕೂಡಬೇಕಾದದ್ದು ಐದನ್ನು. ಒಮ್ಮೆ ಬಾಯಲ್ಲಿ ಹೇಳಿಕೊಂಡು ನೋಡಿ, ಎಂಟನ್ನು ಮರೆತು ಐದನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ತಿಳಿಯುತ್ತದೆ. ಕಲಿಯುವವರು ತಪ್ಪಿದಂತೆ ಲೆಕ್ಕದ ವೇಗ ತಗ್ಗುತ್ತದೆ. ಸೋತೆ ಎಂಬ ಭಾವ ಮೊದಲೇ ಮನೆಮಾಡಿರುವವರಿಗೆ ಈ ಏರ್ಪಾಡು ಬಹಳ ಮುಖ್ಯ ಎಂದು ನನಗನ್ನಿಸುತ್ತದೆ.

ಎರಡನೆಯದು, ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಏಡ್ರಿಯನ್ ವೆಲ್ಸ್ 1990ರಲ್ಲಿ ವಿವರಿಸಿದ ಗಮನದ ತರಬೇತಿ. ಒಟ್ಟಿಗೆ ಕೇಳುವ ಹಲವು ಸದ್ದುಗಳಲ್ಲಿ ಮೊದಲು ಒಂದಕ್ಕೇ ಕಿವಿಗೊಡುವುದು, ಬಳಿಕ ಒಂದರಿಂದ ಇನ್ನೊಂದಕ್ಕೆ ಹೊರಳುವುದು, ಕೊನೆಗೆ ಎಲ್ಲವನ್ನೂ ಒಮ್ಮೆಲೇ ಕೇಳುವುದು. ನಡುವೆ ಕೆಟ್ಟ ಯೋಚನೆ ಬಂದರೆ ಅದರೊಡನೆ ಗುದ್ದಾಡಬೇಕಿಲ್ಲ. ಅದನ್ನೂ ಒಂದು ಸದ್ದೆಂದು ಬಿಟ್ಟು, ಗಮನವನ್ನು ಮರಳಿ ತಂದರಾಯಿತು.

2007ರಲ್ಲಿ ಪ್ರಕಟವಾದ ಮೊದಲ ಫಲಿತಾಂಶಗಳಲ್ಲಿ, ತರಬೇತಿಯ ನಂತರ ಸ್ಕ್ಯಾನ್ ಆದ ಕೆಲವೇ ರೋಗಿಗಳಲ್ಲಿ ಹಣೆಯ ಹಿಂದಿನ ಭಾಗ ಹೆಚ್ಚು ದುಡಿಯತೊಡಗಿತ್ತು, ಅಮಿಗ್ಡಲಾ ತಗ್ಗಿತ್ತು. ಅವರೆಲ್ಲ ಎಂದಿನ ಚಿಕಿತ್ಸೆಯ ಜೊತೆಗೇ ಇದನ್ನು ಮಾಡಿದವರು. ಆದ್ದರಿಂದ ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಅಭ್ಯಾಸ ಆರಂಭಿಸುವ ಮನಸ್ಸಿದ್ದರೆ ನಿಮ್ಮ ವೈದ್ಯರ ಜೊತೆ ಮಾತಾಡಿ.