ಯು.ಆರ್. ರಾವ್: ಆರ್ಯಭಟದ ರೂವಾರಿ

ಉಡುಪಿ ರಾಮಚಂದ್ರ ರಾವ್ ಹುಟ್ಟಿದ್ದು 1932ರ ಮಾರ್ಚ್ 10ರಂದು, ಉಡುಪಿ ಬಳಿಯ ಅದಮಾರಿನಲ್ಲಿ. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯ್ ಅವರ ಮಾರ್ಗದರ್ಶನದಲ್ಲಿ ಕಾಸ್ಮಿಕ್ ಕಿರಣಗಳ ಕುರಿತು ಸಂಶೋಧನೆ. ಅಮೆರಿಕದಲ್ಲಿ ಕೆಲಸ ಮಾಡಿ 1966ರಲ್ಲಿ ತಾಯ್ನಾಡಿಗೆ ವಾಪಸು.

ಪರೀಕ್ಷೆಗಳಲ್ಲಿ ಪ್ರಶ್ನೆ ಹೆಚ್ಚು ಬರುವುದು ಅವರ ನೇತೃತ್ವದಲ್ಲಿ ಸಿದ್ಧವಾದ ಭಾರತದ ಮೊದಲ ಉಪಗ್ರಹ ಆರ್ಯಭಟದ ಮೇಲೆಯೇ. ಉಪಗ್ರಹ ಕಟ್ಟಿದ ಅನುಭವ ತಂಡದಲ್ಲಿ ಹೆಚ್ಚಿನವರಿಗೆ ಇರಲಿಲ್ಲ, ಸುಸಜ್ಜಿತ ಕಟ್ಟಡವೂ ಇರಲಿಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ ಕೆಲಸ ಸಾಗಿತು. ಒಂದು ಶೌಚಾಲಯವನ್ನೇ ದತ್ತಾಂಶ ಸ್ವೀಕರಿಸುವ ಕೇಂದ್ರವಾಗಿ ಮಾರ್ಪಡಿಸಿಕೊಂಡಿದ್ದರು! ಸುಮಾರು 360 ಕೆ.ಜಿ. ತೂಕದ ಉಪಗ್ರಹ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ಅಭ್ಯರ್ಥಿಗಳು ಎಡವುವುದು ಇಲ್ಲೇ: ಉಪಗ್ರಹ ನಮ್ಮದು, ರಾಕೆಟ್ ಸೋವಿಯತ್ ಒಕ್ಕೂಟದ್ದು, ಉಡಾವಣೆ ಶ್ರೀಹರಿಕೋಟಾದಿಂದಲ್ಲ, ಕಪುಸ್ತಿನ್ ಯಾರ್‌ನಿಂದ. ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು. ಹಾಗಂತ ಅದನ್ನು ವೈಫಲ್ಯ ಎನ್ನಲಾಗದು, ಮುಂದಿನ ಉಪಗ್ರಹಗಳನ್ನು ಕಟ್ಟಿದ್ದು ಅಲ್ಲೇ ಪಳಗಿದ ಕೈಗಳು. ಹಳೆಯ 2 ರೂಪಾಯಿ ನೋಟಿನ ಹಿಂಬದಿಯಲ್ಲಿದ್ದುದೂ ಇದೇ ಆರ್ಯಭಟ.

ರಾವ್ 1984ರಿಂದ 1994ರವರೆಗೆ ಇಸ್ರೊ ಅಧ್ಯಕ್ಷ (ಅವರಿಗಿಂತ ಮೊದಲು ಸತೀಶ್ ಧವನ್, ನಂತರ ಕಸ್ತೂರಿರಂಗನ್). ಪದ್ಮಭೂಷಣ 1976, ಪದ್ಮವಿಭೂಷಣ 2017. 2013ರಲ್ಲಿ ವಾಷಿಂಗ್ಟನ್‌ನ ಸ್ಯಾಟಲೈಟ್ ಹಾಲ್ ಆಫ್ ಫೇಮ್ ಸೇರಿದ ಮೊದಲ ಭಾರತೀಯ. ನಿಧನ: 2017ರ ಜುಲೈ 24, ಬೆಂಗಳೂರು. ಇಸ್ರೊ ಉಪಗ್ರಹ ಕೇಂದ್ರಕ್ಕೆ 2018ರಿಂದ ಅವರದೇ ಹೆಸರು.