ಇಂಜಿನ್ ಬಿಚ್ಚಿಸುವ ಮುಂಚೆ



ಬಸರಾಳಿನ ಸಂಘವೊಂದರ ಸಭೆಯಲ್ಲಿ ಒಬ್ಬ ಸದಸ್ಯೆ, ತಮ್ಮ ತೋಟದ ತರಕಾರಿಯನ್ನು ಮಂಡ್ಯಕ್ಕೆ ಒಯ್ಯುವ ಹಳೇ ಓಮ್ನಿಗೆ ಪಿಕಪ್ ಇಲ್ಲ, ಇಂಜಿನ್ ಬೋರ್ ಮಾಡಿಸಬೇಕು ಎಂದು ಸಾಲ ಕೇಳಿದರು. ಕೊಡಬೇಕೋ ಬೇಡವೋ? ಮೊದಲು ಹೊಗೆ ನೋಡೋಣ ಅಂದೆವು.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲ್ ಸವೆದಿರುತ್ತದೆ. ಅದಕ್ಕೆ ಇಡೀ ಇಂಜಿನ್ ಬಿಚ್ಚಬೇಕಿಲ್ಲ. ಓಡುವಾಗಲೂ ನೀಲಿ ಹೊಗೆ ಬರುತ್ತಾ ಆಯಿಲ್ ಇಳಿಯುತ್ತಿದ್ದರೆ ರಿಂಗು, ಬೋರು ಸವೆದಿರಬಹುದು. ಖಾತ್ರಿಗೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಓಮ್ನಿಗೆ ಮೂರು ಸಿಲಿಂಡರ್. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಮೀಟರಿನ ಮುಳ್ಳು ಏರಿದರೆ ತೊಂದರೆ ರಿಂಗಿನದು. ಏರದಿದ್ದರೆ ವಾಲ್ವಿನದು ಅಥವಾ ಹೆಡ್ ಗ್ಯಾಸ್ಕೆಟ್ಟಿನದು. ಇದನ್ನು ನೋಡದೇ "ಬೋರ್ ಮಾಡಿಸ್ಲೇಬೇಕು ಕಣಮ್ಮ" ಅಂದರೆ ತಲೆಯಾಡಿಸಬೇಡಿ.

ಆಮೇಲೆ ಲೆಕ್ಕ. ಸಾಮಾನು, ಲೇತ್ ಕೆಲಸ, ಕೂಲಿ, ಅಷ್ಟು ದಿನ ಬೇರೆ ಗಾಡಿಗೆ ಕೊಡುವ ಬಾಡಿಗೆ, ಎಲ್ಲಾ ಬರೆದುಕೊಳ್ಳಿ. ಪಕ್ಕದಲ್ಲಿ ಚೆನ್ನಾಗಿ ಓಡುವ ಅಂಥದೇ ಗಾಡಿಯ ಬೆಲೆ ಬರೆಯಿರಿ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ. 15 ವರ್ಷ ತುಂಬಿದ್ದರೆ ಆರ್.ಸಿ. ನವೀಕರಣದ ಖರ್ಚೂ ಉಂಟು. ತಳವೇ ತುಕ್ಕು ತಿಂದಿದ್ದರೆ ಇಂಜಿನ್ ಹೊಸದಾಗಿ ಏನು ಬಂತು?

ಆ ಸದಸ್ಯೆಯ ಗಾಡಿಯಲ್ಲಿ ಮುಳ್ಳು ಏರಲಿಲ್ಲ. ಬರೀ ಹೆಡ್ ಕೆಲಸ ಮಾಡಿಸಿದರು. ಕೇಳಿದ ಸಾಲದಲ್ಲಿ ಕಾಲುಭಾಗ ಸಾಕಾಯಿತು.