ಅಟ್ಟದ ಮೇಲಿನ ಸಂಬಳ

‘ಮುಕ್ತ ತಂತ್ರಾಂಶ ಬರೀತೀನಿ’ ಅಂದರೆ ಅರಸೀಕೆರೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ, ‘ಅದಕ್ಕೆ ದುಡ್ಡು ಯಾರು ಕೊಡ್ತಾರೆ?’ ಇಂಗ್ಲಿಷಿನವರಿಗೆ ಸ್ವಾತಂತ್ರ್ಯಕ್ಕೂ ಪುಕ್ಕಟೆಗೂ ಒಂದೇ ಪದ, ಹಾಗಾಗಿ ಗೊಂದಲ. ನಮಗೆ ಮುಕ್ತ ಬೇರೆ, ಬಿಟ್ಟಿ ಬೇರೆ. ಆದರೂ ನಮ್ಮ ಸೋದರಮಾವನ ಕಿವಿಗೆ ಬೀಳುವುದು ಬಿಟ್ಟಿ ಒಂದೇ.

ಪ್ರಶ್ನೆಯೇನೂ ತಪ್ಪಲ್ಲ. ನಾನು ಬರೆದ ಕೋಡನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಅದಕ್ಕೆ ಕಾಸಿಲ್ಲ. ಅದನ್ನೇ ನಂಬಿ ಅಂಗಡಿ ನಡೆಸುವವರಿಗೆ ಒಂದು ದಿನ ಅದು ಕೈಕೊಡುತ್ತದಲ್ಲ, ಆಗ ಫೋನ್ ಬರುತ್ತದೆ. ರಿಪೇರಿಗೆ, ಬದಲಾವಣೆಗೆ, ಹೊಸ ಆವೃತ್ತಿಗೆ ಹೊಂದಿಸಿಕೊಡುವುದಕ್ಕೆ ಸಿಗುವ ಹಣವೇ ನನ್ನ ಜೀವನ. ಬೆಂಗಳೂರಿನ ಷೇರು ವಹಿವಾಟು ಕಂಪನಿ ಜೆರೋಧಾ 2024ರಲ್ಲಿ ಇಂಥ ಯೋಜನೆಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರ್ ತೆಗೆದಿಡುವುದಾಗಿ ಹೇಳಿದಾಗ ಖುಷಿಪಟ್ಟೆ. ಆದರೆ ಅದು ದೊಡ್ಡ ಮರಗಳಿಗೆ ಹಾಯಿಸುವ ನೀರು, ನನ್ನಂಥ ಗಿಡದ ಬುಡಕ್ಕೆ ಬರುವಂಥದ್ದಲ್ಲ.

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ವರ್ಷ ಏಪ್ರಿಲ್‌ನಲ್ಲೇ ಎರಡೂವರೆ ಲಕ್ಷ ಬಂತು. ನಾನು ಅದನ್ನು ಎರಡು ತಿಂಗಳ ಸಂಬಳ ಅಂದುಕೊಂಡೆ. ಬೈಕ್ ತಗೊಂಡೆ, ಅದೂ ಕಂತಿನ ಮೇಲೆ. ಮುಂದಿನ ಬಿಲ್ಲಿಗೆ ಹೊರದೇಶದ ಗಿರಾಕಿಯೊಬ್ಬರು 97 ದಿನ ತಗೊಂಡರು. ಆಗಸ್ಟ್‌ನಲ್ಲಿ ಅಮ್ಮ ಏನೂ ಮಾತಾಡದೆ ಸರ ಬಿಚ್ಚಿ ಟೇಬಲ್ಲಿನ ಮೇಲೆ, ಕೀಬೋರ್ಡಿನ ಪಕ್ಕದಲ್ಲಿ ಇಟ್ಟರು. ಗಿರವಿ ಅಂಗಡಿಯವನು ಅದನ್ನು ತೂಗುವಾಗ ನಾನು ಹೊರಗೆ ನಿಂತು ರೈಲು ನೋಡುತ್ತಿದ್ದೆ.

ದಾರಿ ತೋರಿಸಿದ್ದು ಪಕ್ಕದ ಮನೆ ಗೌಡರು. ನಮ್ಮ ಕಡೆ ಕಾಯಿಯನ್ನು ಕಿತ್ತ ತಕ್ಷಣ ಮಾರುವುದಿಲ್ಲ. ಮಟ್ಟೆ ಸಮೇತ ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ವರ್ಷವಿಡೀ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಗ ಅದು ಉಂಡೆ ಕೊಬ್ಬರಿ. ಗೌಡರು ಒಂದು ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸಿ, ‘ಇನ್ನೂ ನೀರೈತೆ’ ಅಂತ ವಾಪಸ್ ಇಟ್ಟರು. ‘ವರ್ಷಕ್ಕೆರಡು ಸಲ ಮಾರ್ತೀರಿ, ಮನೆ ಖರ್ಚು ತಿಂಗಳಿಗೊಂದು ಸಲ ಬರುತ್ತಲ್ಲ ಗೌಡ್ರೇ?’ ಅಂದೆ. ‘ಮಾರಿದ್ದು ನನ್ ದುಡ್ಡಲ್ಲ ಕಣಪ್ಪ, ಮುಂದಿನ ತಿಂಗಳುಗಳದ್ದು. ಅವು ಕೇಳಿದಾಗ ಕೊಡ್ಬೇಕು’ ಅಂದರು. ಬೆಲೆಯಂತೂ ಯಾರ ಮಾತೂ ಕೇಳುವುದಿಲ್ಲ. 2023ರಲ್ಲಿ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. 2025ರಲ್ಲಿ 20 ಸಾವಿರ ದಾಟಿ ಹೋಯಿತು. ಗೌಡರ ಮನೆಯ ಊಟ ಮಾತ್ರ ಎರಡೂ ವರ್ಷ ಒಂದೇ ಥರ ಇತ್ತು.

ಗೌಡರ ಮಾತು ಕೇಳಿದ ದಿನವೇ ಬ್ಯಾಂಕಿನಲ್ಲಿ ಎರಡನೇ ಖಾತೆ ತೆರೆದೆ. ಮನೆಯಲ್ಲಿ ಅದರ ಹೆಸರು ‘ಅಟ್ಟ’. ಬಂದದ್ದೆಲ್ಲ ಮೊದಲು ಅಟ್ಟಕ್ಕೆ. ಅಲ್ಲಿಂದ ಪ್ರತಿ ತಿಂಗಳು ಒಂದನೇ ತಾರೀಖು 38 ಸಾವಿರ ಕೆಳಗಿಳಿಯುತ್ತದೆ. ಹೆಚ್ಚು ಬಂದ ತಿಂಗಳೂ ಅಷ್ಟೇ, ಏನೂ ಬಾರದ ತಿಂಗಳೂ ಅಷ್ಟೇ. ಆರು ತಿಂಗಳ ಖರ್ಚು ಮೇಲೆ ಕೂತ ಮೇಲೆಯೇ ಅಮ್ಮನ ಸರ ಬಿಡಿಸಿದ್ದು. ಅದಕ್ಕೆ ಎರಡು ವರ್ಷ ಹಿಡಿಯಿತು. ತಪ್ಪು ಲೆಕ್ಕ ಅದು: ಗಿರವಿ ಬಡ್ಡಿ ಓಡುತ್ತಿರುವಾಗ ಸರ ಮೊದಲು ಬಿಡಿಸಬೇಕಿತ್ತು. ತೆರಿಗೆ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಆಡಿಟರ್ ನನ್ನದನ್ನು ತಾಂತ್ರಿಕ ಸಲಹೆಯ ವೃತ್ತಿ ಎಂದು ತೋರಿಸಿ 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಸೆಕ್ಷನ್ ಅಡಿ ತಂದರು. ಬಂದದ್ದರಲ್ಲಿ ಅರ್ಧವನ್ನು ಆದಾಯವೆಂದು ತೋರಿಸುವುದು, ಮುಂಗಡ ತೆರಿಗೆ ಮಾರ್ಚ್ 15ರೊಳಗೆ ಒಂದೇ ಕಂತು. ಆ ಕಂತೂ ಅಟ್ಟದಲ್ಲೇ ಕಾಯುತ್ತದೆ.

ನಮ್ಮ ತಂತ್ರಾಂಶದವರ ಜಾತ್ರೆಗಳ ಖರ್ಚು ಬೇರೆಯೇ ಕಥೆ. 2023ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯಲ್ಲಿ ಡೆಬ್‌ಕಾನ್ಫ್ ನಡೆಯಿತು. ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಕಟ್ಟುವವರು ವರ್ಷಕ್ಕೊಂದು ದೇಶದಲ್ಲಿ ಕೂಡುವ ಸಮಾವೇಶ. ಭಾರತಕ್ಕೆ ಬಂದದ್ದು ಅದೇ ಮೊದಲು. ಅರ್ಜಿ ಹಾಕಿ ಒಪ್ಪಿಗೆಯಾದರೆ ಊಟ, ವಸತಿ ಅವರದ್ದೇ. ಪ್ರಯಾಣದ ದುಡ್ಡನ್ನೂ ಕೊಡುತ್ತಾರೆ, ಆದರೆ ಮೊದಲು ನಾವು ಹಾಕಬೇಕು, ಆಮೇಲೆ ಬಿಲ್ ಕಳಿಸಿ ಪಡೆಯಬೇಕು. ನಾನು ಕಾರ್ಡ್ ಉಜ್ಜಿ ಟಿಕೆಟ್ ಮಾಡಿಸಿ, ಸೋಮಾರಿತನದಿಂದ ಬಿಲ್ ಕಳಿಸದೆ ಕೂತು, ಬಡ್ಡಿ ಕಟ್ಟಿದೆ. ಈಗ ಅಟ್ಟದಲ್ಲೇ ‘ರೈಲು’ ಅಂತ ಒಂದು ಮೂಲೆಯಿದೆ. ವಾಪಸ್ ಬರುವಾಗ, 18ನೇ ತಾರೀಖು, ರೈಲಿನಲ್ಲೇ ಸುದ್ದಿ ಸಿಕ್ಕಿತು: ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಪಕ್ಕದ ಸೀಟಿನವರಿಗೆ ನಮ್ಮೂರ ದಾರಿ ಹೇಳುತ್ತಾ ಬಂದೆ.

ಆ ದಾರಿಯೇ ನನ್ನ ವಿಹಾರ. ತಲೆ ಕೆಟ್ಟ ದಿನ ಅದೇ ಬೈಕ್ ಹತ್ತಿ ಬಾಣಾವರ, ಜಾವಗಲ್ ದಾಟಿ ಹಳೇಬೀಡಿಗೆ. ಖರ್ಚು ಪೆಟ್ರೋಲು, ಎರಡು ಕಾಫಿ. ಜಾವಗಲ್ ಅಂದರೆ ಎಲ್ಲರಿಗೂ ಕ್ರಿಕೆಟಿಗ ಶ್ರೀನಾಥ್ ನೆನಪು. ನನಗೆ ಅಲ್ಲಿನ ಲಕ್ಷ್ಮೀನರಸಿಂಹ ಗುಡಿಯಲ್ಲಿ ಕೆಲಸ ಮಾಡಿದ ಹೊಯ್ಸಳ ಶಿಲ್ಪಿ ಮಲ್ಲಿತಮ್ಮ. ಅಮೃತಪುರದಿಂದ ಸೋಮನಾಥಪುರದವರೆಗೆ ಸುಮಾರು ಅರವತ್ತು ವರ್ಷ ಉಳಿ ಹಿಡಿದ ಮನುಷ್ಯ ಎನ್ನುತ್ತಾರೆ. ಬೇಲೂರಿನ ಮದನಿಕೆಗಳ ಅಡಿಯಲ್ಲೂ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿದ್ದಾರೆ. ಅದನ್ನು ಜನ ಕಲಾವಿದನ ಹೆಮ್ಮೆ ಅನ್ನುತ್ತಾರೆ. ನನಗೆ ವಿಳಾಸ ಅನಿಸುತ್ತದೆ: ಮುಂದಿನ ಗುಡಿ ಕಟ್ಟಿಸುವವನು ಓದಲಿ ಅಂತ. ನನಗೆ ಹಣ ತಂದ ಕೆಲಸಗಳಲ್ಲಿ ಬಹುಪಾಲು ಬಂದದ್ದು ನಾನು ಪುಕ್ಕಟೆ ಕೊಟ್ಟ ಯಾವುದೋ ಕೋಡ್ ತಿದ್ದುಪಡಿಯ ಅಡಿ ನನ್ನ ಹೆಸರು ಕಂಡವರಿಂದಲೇ.

ಕೊಚ್ಚಿಯಲ್ಲಿ ಪರಿಚಯವಾದವರೊಬ್ಬರು ಕೊಟ್ಟ ಕೆಲಸ ಹೋದ ತಿಂಗಳು ಮುಗಿಸಿ ಬಿಲ್ ಕಳಿಸಿದ್ದೇನೆ. ನಿನ್ನೆ ಸಂಜೆ ಗೌಡರು ಕಾಂಪೌಂಡಿನಾಚೆಯಿಂದ ಕೇಳಿದರು, ‘ಬಂತಾ?’

‘ಇನ್ನೂ ನೀರೈತೆ, ಗೌಡ್ರೇ.’